ಬಡ್ಡಿ ತಪ್ಪದೆ ಕಟ್ಟುತ್ತಿರುವ ರೀಟೇಲ್ ಕಂಪನಿಗೆ ‘ಡಿಫಾಲ್ಟ್’ ರೇಟಿಂಗ್ ಯಾಕೆ?

ಮುಂಗಾರು ಓದುಗ

ಸಾಲಪತ್ರಗಳ ಬಗ್ಗೆ ಈಚೆಗಷ್ಟೇ ಓದಲು ಕೂತವನು ನಾನು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ತಿಳಿದವರು ಬಿಡಿಸಿ ಹೇಳಬೇಕು.

ನಷ್ಟದಲ್ಲಿರುವ ಒಂದು ದೊಡ್ಡ ರೀಟೇಲ್ ಕಂಪನಿ ಇದೆ, ಹೆಸರು ಬೇಡ. ನೂರಾರು ಮಳಿಗೆ. ಬಾಂಡ್ ಇಟ್ಟುಕೊಂಡವರ ಮುಂದೆ ಅದು ಒಂದು ಮಾತು ಇಡುತ್ತದೆ: ನಿಮ್ಮ 100ರ ಹಳೆಯ ಬಾಂಡ್ ವಾಪಸು ಕೊಡಿ, 60ರ ಹೊಸ ಬಾಂಡ್ ಕೊಡುತ್ತೇವೆ; ಮೊತ್ತ ಕಡಿಮೆ, ಆದರೆ ಇದರ ಹಿಂದೆ ಆಸ್ತಿಯ ಅಡಮಾನ ಇರುತ್ತದೆ. ಹೆಚ್ಚಿನವರು ಒಪ್ಪಿ ಸಹಿ ಹಾಕುತ್ತಾರೆ. ಬಡ್ಡಿಯ ಒಂದು ಕಂತೂ ತಪ್ಪಿಲ್ಲ, ಯಾರೂ ಕೋರ್ಟು ಹತ್ತಿಲ್ಲ. ಆದರೂ ವ್ಯವಹಾರ ಮುಗಿದ ಕೂಡಲೇ, ಸಾಲ ತೀರಿಸುವ ಶಕ್ತಿಗೆ ದರ್ಜೆ ಕೊಡುವ ಎಸ್ ಆ್ಯಂಡ್ ಪಿ ಸಂಸ್ಥೆ ರೇಟಿಂಗನ್ನು ‘ಎಸ್‌ಡಿ’ಗೆ, ಅಂದರೆ ಕೆಲವು ಸಾಲಗಳಲ್ಲಿ ಮಾತ್ರ ಸುಸ್ತಿ ಎನ್ನುವ ಸೆಲೆಕ್ಟಿವ್ ಡಿಫಾಲ್ಟ್‌ಗೆ ಇಳಿಸುತ್ತದೆ.

ಎರಡೂ ಕಡೆಯವರು ಕೂತು ಮಾತಾಡಿ ಒಪ್ಪಿಕೊಂಡದ್ದನ್ನು ಸುಸ್ತಿ ಎಂದು ಕರೆಯುವುದು ಯಾವ ನ್ಯಾಯ? ಅದೂ ಮಳಿಗೆಗಳಲ್ಲಿ ಜನ ಇದ್ದಾರೆ, ವ್ಯಾಪಾರ ನಡೆಯುತ್ತಿದೆ. ಕಷ್ಟದಲ್ಲಿರುವವರಿಗೆ ಇದು ಇನ್ನೊಂದು ಪೆಟ್ಟು ಅನಿಸುತ್ತದೆ.

ಹಳೆಯ ವಿಶ್ಲೇಷಕಿ

ರೇಟಿಂಗ್ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದೆ, ಅದರಲ್ಲಿ ಹೆಚ್ಚಿನ ಕಾಲ ರೀಟೇಲ್ ಕಂಪನಿಗಳನ್ನೇ ನೋಡುತ್ತಿದ್ದೆ. ನಿಮ್ಮ ಪ್ರಶ್ನೆಯನ್ನು ನಾನೂ ಮೊದಲ ವರ್ಷ ಕೇಳಿದ್ದೆ.

ರೇಟಿಂಗ್ ಅಳೆಯುವುದು ಕೊಟ್ಟ ಮಾತನ್ನು. ಬಾಂಡ್ ಬರೆದ ದಿನ ಕಂಪನಿ ಇಂಥ ದಿನ ಇಷ್ಟು ಕೊಡುತ್ತೇನೆ ಎಂದಿತ್ತು. 100 ಕೊಡುತ್ತೇನೆ ಎಂದವರು 60 ಕೊಟ್ಟರೆ ಸಾಲ ಕೊಟ್ಟವನಿಗೆ 40 ಹೋಯಿತು. ಅವನು ಒಪ್ಪಿದ ನಿಜ, ಆದರೆ ಯಾಕೆ ಒಪ್ಪಿದ? ಒಪ್ಪದಿದ್ದರೆ ದಿವಾಳಿಯಲ್ಲಿ 10 ಸಿಕ್ಕರೂ ಪುಣ್ಯ ಎಂಬ ಭಯಕ್ಕೆ ಒಪ್ಪಿದ. ಅಂಥ ಒಪ್ಪಿಗೆಯನ್ನು ಲೆಕ್ಕದಿಂದ ಹೊರಗಿಟ್ಟರೆ, ದಿವಾಳಿ ಅರ್ಜಿ ಹಾಕದೆಯೇ ಸಾಲ ಕೊಟ್ಟವರ ಕೈಯಿಂದ ಹಣ ಹೋದ ನೂರಾರು ಪ್ರಕರಣಗಳು ಸುಸ್ತಿಯ ಅಂಕಿಅಂಶದಲ್ಲಿ ಕಾಣುವುದೇ ಇಲ್ಲ.

ಹಾಗಂತ ರಿಯಾಯಿತಿ ದರದ ಮರುಖರೀದಿ ಎಲ್ಲವೂ ಸುಸ್ತಿಯಲ್ಲ. ಎರಡು ಸಂಗತಿ ಒಟ್ಟಿಗೆ ಇರಬೇಕು: ಕೊಟ್ಟ ಮಾತಿಗಿಂತ ಕಡಿಮೆ ಸಿಗಬೇಕು, ಮತ್ತು ಕಂಪನಿ ಸಂಕಟದಲ್ಲಿದ್ದು ಹೀಗೆ ಮಾಡಿರಬೇಕು. ಗಟ್ಟಿಯಾದ ಕಂಪನಿಯೊಂದು, ಮಾರುಕಟ್ಟೆಯ ಬಡ್ಡಿದರ ಏರಿ ತನ್ನ ಬಾಂಡ್ ಬೆಲೆ ಇಳಿದಾಗ 90ಕ್ಕೆ ವಾಪಸು ಕೊಂಡರೆ ಅದು ಅವಕಾಶ ಬಳಸಿಕೊಂಡದ್ದು. ಎಸ್ ಆ್ಯಂಡ್ ಪಿ ಪದ್ಧತಿಯಲ್ಲಿ ರೇಟಿಂಗ್ ದುರ್ಬಲ ದರ್ಜೆಯಾದ ‘ಬಿ ಮೈನಸ್’ ಅಥವಾ ಅದಕ್ಕಿಂತ ಕೆಳಗಿದ್ದರೆ ಇಂಥ ವಿನಿಮಯವನ್ನು ಸಾಮಾನ್ಯವಾಗಿ ಸಂಕಟದ್ದೆಂದೇ ನೋಡುತ್ತಾರೆ. ಬೇರೆ ರೇಟಿಂಗ್ ಸಂಸ್ಥೆಗಳಲ್ಲಿ ಫಿಚ್ ಇದನ್ನೇ ‘ಆರ್‌ಡಿ’ ಎನ್ನುತ್ತದೆ, ಮೂಡೀಸ್ ‘ಎಲ್‌ಡಿ’ ಎಂಬ ಗುರುತು ಸೇರಿಸುತ್ತದೆ. ಹೆಸರು ಬೇರೆ, ತರ್ಕ ಒಂದೇ.

‘ಎಸ್‌ಡಿ’ ಶಾಶ್ವತವಾದ ಮಸಿಯೂ ಅಲ್ಲ. ಕೆಲವೇ ದಿನಗಳಲ್ಲಿ ಹೊಸ ಸಾಲದ ರಚನೆಯನ್ನು ನೋಡಿ ಹೊಸ ರೇಟಿಂಗ್ ಕೊಡುತ್ತಾರೆ. ಅದು ಎಷ್ಟೋ ಸಲ ಮತ್ತೆ, ಬಿ ಮೈನಸ್‌ಗಿಂತ ಒಂದು ಮೆಟ್ಟಿಲು ಕೆಳಗಿನ ‘ಸಿಸಿಸಿ ಪ್ಲಸ್’ ಆಗಿಯೇ ಬರುತ್ತದೆ ಎಂಬುದು ಬೇರೆ ಮಾತು: 40 ಕಳಚಿದರೂ ಉಳಿದ ಹೊರೆ ಹೊರಲಾಗದಷ್ಟೇ ಇರುತ್ತದೆ.

ಮುಂಗಾರು ಓದುಗ

ಮೇಡಂ, ಧನ್ಯವಾದ. ‘ಕೊಟ್ಟ ಮಾತು’ ಎಂದದ್ದು ಅರ್ಥವಾಯಿತು. ಆದರೆ ಮಳಿಗೆ ತುಂಬ ಜನ ಇದ್ದಾಗ, ಮಾರಾಟ ತೀರಾ ಕುಸಿಯದೇ ಇದ್ದಾಗ, ‘ಸಿಸಿಸಿ’ವರೆಗೆ ಯಾಕೆ ಇಳಿಸುತ್ತಾರೆ? ಮೊದಲು ನೋಡುವುದಾದರೂ ಏನನ್ನು?

ಸರಕು ಕಳಿಸುವವ

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಏಕೆಂದರೆ ಇದರಲ್ಲಿ ನನ್ನ ಕೈ ಸುಟ್ಟಿದೆ.

ಮನೆಬಳಕೆ ಸಾಮಾನು ಮಾಡುವ ಒಂದು ಸಣ್ಣ ಘಟಕ ನಮ್ಮದು. ಒಂದು ದೊಡ್ಡ ರೀಟೇಲ್ ಸರಪಳಿಗೆ ಏಳು ವರ್ಷ ಸರಕು ಕಳಿಸಿದೆವು, 60 ದಿನದ ಉದ್ದರಿಯ ಮೇಲೆ. ನಾವು ಕಳಿಸುವ ಸರಕಿಗೆ ಸಾಲವಿಮೆ ಮಾಡಿಸಿದ್ದೆವು. ಅವರು ದುಡ್ಡು ಕೊಡದಿದ್ದರೆ ವಿಮೆಯವರು ಕೊಡುತ್ತಾರೆ. ಒಂದು ಬೆಳಿಗ್ಗೆ ವಿಮೆ ಕಂಪನಿಯಿಂದ ಒಂದೇ ಸಾಲಿನ ಪತ್ರ: ಇನ್ನು ಮುಂದೆ ಈ ಗ್ರಾಹಕರ ಮೇಲೆ ನಮ್ಮ ರಕ್ಷಣೆ ಇಲ್ಲ. ಅಷ್ಟೇ. ಅವತ್ತೂ ಆ ಅಂಗಡಿಗಳು ತುಂಬಿದ್ದವು. ನಾನೇ ಹೋಗಿ ನೋಡಿ ಬಂದೆ.

ಏನು ಮಾಡಲಿ? ಮುಂದಿನ ಲಾರಿಗೆ ಮುಂಗಡ ಹಣ ಕೇಳಿದೆ. ನನ್ನ ಹಾಗೆ ಇನ್ನೂ ಎಷ್ಟು ಜನ ಕೇಳಿದರೋ. ಎರಡು ತಿಂಗಳಲ್ಲಿ ಕಪಾಟುಗಳು ಖಾಲಿ ಕಾಣತೊಡಗಿದವು, ಆಮೇಲೆ ಜನ ಕಡಿಮೆಯಾದರು. ಜನ ಕಡಿಮೆಯಾಗಿ ಕಪಾಟು ಖಾಲಿಯಾಗಲಿಲ್ಲ, ಕಪಾಟು ಖಾಲಿಯಾಗಿ ಜನ ಕಡಿಮೆಯಾದರು. ಈ ಕ್ರಮವನ್ನು ಹೊರಗಿನವರು ಯಾವಾಗಲೂ ಉಲ್ಟಾ ತಿಳಿಯುತ್ತಾರೆ. ನನಗೆ ಬರಬೇಕಾದ ಕೊನೆಯ ಎರಡು ಬಿಲ್ ಇವತ್ತಿಗೂ ಬಂದಿಲ್ಲ.

ಹಳೆಯ ವಿಶ್ಲೇಷಕಿ

ಸರ್, ನೀವು ಬರೆದದ್ದನ್ನು ಹೊಸದಾಗಿ ಸೇರುವ ಪ್ರತಿಯೊಬ್ಬ ವಿಶ್ಲೇಷಕರೂ ಓದಬೇಕು. ನಿಮ್ಮ ಆ ಎರಡು ಬಿಲ್ಲಿನ ವಿಷಯ ಓದಿ ಬೇಸರವಾಯಿತು.

ಅದರ ಲೆಕ್ಕ ನೋಡೋಣ. ಒಂದು ಕಂಪನಿ ವರ್ಷಕ್ಕೆ 3,650ರ ಸರಕು ಕೊಳ್ಳುತ್ತದೆ, ಅಂದರೆ ದಿನಕ್ಕೆ 10. ಸರಬರಾಜುದಾರರು 60 ದಿನ ಉದ್ದರಿ ಕೊಟ್ಟರೆ ಯಾವ ಹೊತ್ತಿನಲ್ಲೂ ಅವರ 600 ಕಂಪನಿಯೊಳಗೆ ಬಡ್ಡಿಯಿಲ್ಲದೆ ತಿರುಗುತ್ತಿರುತ್ತದೆ. ಅದನ್ನು 30 ದಿನಕ್ಕೆ ಇಳಿಸಿದರೆ 300 ನಗದು ಹೊಸದಾಗಿ ಬೇಕು. ಆ ವರ್ಷದ ಲಾಭವೇ 150 ಇರಬಹುದು. ಬ್ಯಾಂಕು, ಬಾಂಡು ಯಾವುದೂ ಅಲುಗಾಡದೆ ಕಂಪನಿ ಮುಳುಗುವುದು ಹೀಗೆ.

ಅಮೆರಿಕದ ಆಟಿಕೆ ಮಳಿಗೆಗಳ ಸರಪಳಿ ಟಾಯ್ಸ್ ಆರ್ ಅಸ್ ಕಥೆ ಇದಕ್ಕೆ ಕನ್ನಡಿ. 2005ರಲ್ಲಿ ಕೆಕೆಆರ್, ಬೇನ್ ಮತ್ತು ವೊರ್ನಾಡೊ ಎಂಬ ಹೂಡಿಕೆ ಸಂಸ್ಥೆಗಳು ಸೇರಿ ಸುಮಾರು 660 ಕೋಟಿ ಡಾಲರಿಗೆ ಅದನ್ನು ಕೊಂಡವು, ಬಹುಪಾಲು ಸಾಲದ ಹಣದಲ್ಲಿ. ಹನ್ನೆರಡು ವರ್ಷದ ನಂತರವೂ ಸಾಲ 500 ಕೋಟಿ ಡಾಲರಿನಷ್ಟಿತ್ತು, ಅದನ್ನು ನಿಭಾಯಿಸಲು ವರ್ಷಕ್ಕೆ ಸುಮಾರು 40 ಕೋಟಿ ಹೋಗುತ್ತಿತ್ತು. 2017ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಕಂಪನಿ ಸಾಲ ಮರುರಚನೆಯ ವಕೀಲರನ್ನು ಇಟ್ಟುಕೊಂಡಿದೆ ಎಂಬ ಸುದ್ದಿ ಹೊರಬಿತ್ತು. ಕ್ರಿಸ್‌ಮಸ್ ಹಬ್ಬದ ಮಾರಾಟಕ್ಕೆ ಆಟಿಕೆ ತುಂಬಿಕೊಳ್ಳುವ ಹೊತ್ತು ಅದು. ಸರಬರಾಜುದಾರರು ನಗದು ಕೇಳಿದರು. ಎರಡು ವಾರ ತುಂಬುವ ಮೊದಲೇ ದಿವಾಳಿ ಅರ್ಜಿ. 2018ರ ಮಾರ್ಚಿನಲ್ಲಿ ಅಮೆರಿಕದ ಮಳಿಗೆಗಳನ್ನೆಲ್ಲ ಮುಚ್ಚುತ್ತೇವೆ ಎಂದರು.

ಆದ್ದರಿಂದ ಓದುಗರೇ, ಮಾರಾಟ ಎಷ್ಟು ಎಂಬುದು ಮೊದಲ ಪ್ರಶ್ನೆ ಇರಬಹುದು, ಆದರೆ ರೇಟಿಂಗ್ ಕೆಳಗಿಳಿದಷ್ಟೂ ಪ್ರಶ್ನೆ ಬದಲಾಗುತ್ತದೆ. ಮೇಲಿನ ಹಂತಗಳಲ್ಲಿ ವ್ಯಾಪಾರದ ಗಟ್ಟಿತನ, ಪೈಪೋಟಿ, ಸಾಲ ಲಾಭದ ಎಷ್ಟು ಪಟ್ಟು ಇದೆ ಎಂಬುದನ್ನು ತೂಗುತ್ತೇವೆ. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭದ 5 ಪಟ್ಟಿಗಿಂತ ಸಾಲ ಹೆಚ್ಚಿದ್ದರೆ ಅದು ವಿಪರೀತ ಸಾಲದ ಗುಂಪಿಗೆ ಸೇರುತ್ತದೆ. ‘ಸಿಸಿಸಿ’ ಹತ್ತಿರ ಬಂದ ಮೇಲೆ ಆ ಪಟ್ಟುಗಳು ಹಿಂದೆ ಸರಿಯುತ್ತವೆ. ಉಳಿಯುವುದು ಒಂದೇ: ನಗದು ಎಂದಿನವರೆಗೆ ಬರುತ್ತದೆ? ‘ಸಿಸಿಸಿ ಪ್ಲಸ್’ ಎಂದರೆ ಈ ಸಾಲ ಹೊರಲಾಗದ್ದು, ಆದರೆ ವರ್ಷದೊಳಗೆ ಬೀಳುವ ಲಕ್ಷಣ ಕಾಣುತ್ತಿಲ್ಲ. ‘ಸಿಸಿಸಿ’ ಎಂದರೆ 12 ತಿಂಗಳೊಳಗೆ ಬೀಳಬಹುದು. ‘ಸಿಸಿಸಿ ಮೈನಸ್’ ಎಂದರೆ 6 ತಿಂಗಳು. ‘ಸಿಸಿ’ ಎಂದರೆ ಸುಸ್ತಿ ಬಹುತೇಕ ಖಚಿತ. ನೀವು ಹೇಳಿದಂಥ ವಿನಿಮಯವನ್ನು ಕಂಪನಿ ಘೋಷಿಸಿದ ದಿನ ರೇಟಿಂಗ್ ಇಲ್ಲಿಗೆ ಬರುತ್ತದೆ, ಮುಗಿದ ದಿನ ‘ಎಸ್‌ಡಿ’ಗೆ. ಈ ಕೆಳಗಿನ ಮೆಟ್ಟಿಲುಗಳನ್ನು ನಾನು ಕ್ಯಾಲೆಂಡರಿನ ಹಾಗೆ ಓದುತ್ತೇನೆ.

ಲೆಕ್ಕಪತ್ರ

ನಗದಿನ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಮೆರಿಕದ ರೀಟೇಲ್ ಕಂಪನಿಗಳ ಲೆಕ್ಕದ ವರ್ಷ ಸಾಮಾನ್ಯವಾಗಿ ಜನವರಿ ಕೊನೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಆಗ ಹಬ್ಬದ ಮಾರಾಟ ಆಗಿಹೋಗಿರುತ್ತದೆ, ದಾಸ್ತಾನು ಕರಗಿರುತ್ತದೆ, ಖಾತೆಯಲ್ಲಿ ದುಡ್ಡು ಇರುತ್ತದೆ. ವಾರ್ಷಿಕ ವರದಿ ನೋಡಿದವರು ‘ಪರವಾಗಿಲ್ಲ, ಕೈಯಲ್ಲಿ ಇಷ್ಟು ಇದೆಯಲ್ಲ’ ಎನ್ನುತ್ತಾರೆ. ಅಕ್ಟೋಬರ್–ನವೆಂಬರಿನಲ್ಲಿ ಅದೇ ಕಂಪನಿ ಬ್ಯಾಂಕಿನ ಸಾಲದಲ್ಲಿ ಕುತ್ತಿಗೆಯವರೆಗೆ ಮುಳುಗಿರುತ್ತದೆ. ವರ್ಷದ ಅತಿ ಕೆಟ್ಟ ವಾರ ಯಾವುದು, ಆ ವಾರ ಎಷ್ಟು ಉಳಿದಿರುತ್ತದೆ ಎಂಬುದನ್ನು ನೋಡಬೇಕು.

ಇನ್ನು ಬಾಡಿಗೆ. ಸಾಲವೇ ಇಲ್ಲ ಎನ್ನುವ ರೀಟೇಲ್ ಕಂಪನಿಗೆ ಬಾಡಿಗೆ ಸಾಕಷ್ಟು ಇರುತ್ತದೆ. ಹತ್ತು ವರ್ಷದ ಕರಾರಿಗೆ ಸಹಿ ಹಾಕಿ, ವ್ಯಾಪಾರ ಇರಲಿ ಬಿಡಲಿ ತಿಂಗಳು ತಿಂಗಳು ಕೊಡಲೇಬೇಕು ಎಂದರೆ ಅದು ಸಾಲವಲ್ಲದೆ ಮತ್ತೇನು? ಹಿಂದೆ ಇದು ಆಸ್ತಿ–ಸಾಲದ ತಖ್ತೆಯಲ್ಲಿ (ಬ್ಯಾಲೆನ್ಸ್ ಶೀಟ್) ಕಾಣುತ್ತಿರಲಿಲ್ಲ. ರೇಟಿಂಗ್ ಸಂಸ್ಥೆಗಳು ತಾವೇ ವರ್ಷದ ಬಾಡಿಗೆಯನ್ನು 8 ಪಟ್ಟು ಮಾಡಿ ಸಾಲಕ್ಕೆ ಸೇರಿಸುವ ರೂಢಿ ಇತ್ತು. ಬಾಡಿಗೆ 50 ಇದ್ದರೆ ಸಾಲ 400. 2019ರಿಂದ ಜಾರಿಗೆ ಬಂದ, ಅಂತರರಾಷ್ಟ್ರೀಯ ಲೆಕ್ಕಪದ್ಧತಿಯ ಐಎಫ್‌ಆರ್‌ಎಸ್ 16 ಮತ್ತು ಅಮೆರಿಕದ ಎಎಸ್‌ಸಿ 842 ನಿಯಮಗಳು ಅದನ್ನು ತಖ್ತೆಯ ಮೇಲೇ ತಂದವು. ಲೆಕ್ಕಿಗರು ಆ ವರ್ಷ ಒಪ್ಪಿದ್ದನ್ನು ರೇಟಿಂಗಿನವರು ಬಹಳ ಮೊದಲೇ ಒಪ್ಪಿದ್ದರು. ಈ ವಿಷಯದಲ್ಲಿ ಅವರಿಗೆ ನನ್ನ ಪೂರ್ಣ ಗೌರವ ಇದೆ.

ಅಮೆರಿಕದ ಹಳೆಯ ಮಳಿಗೆ ಸರಪಳಿ ಸಿಯರ್ಸ್ 2015ರಲ್ಲಿ 235 ಆಸ್ತಿಗಳನ್ನು ಸೆರಿಟೇಜ್ ಎಂಬ ಬೇರೆ ಸಂಸ್ಥೆಗೆ 270 ಕೋಟಿ ಡಾಲರಿಗೆ ಮಾರಿ, ಬಹುಪಾಲು ಮಳಿಗೆಗಳನ್ನು ಬಾಡಿಗೆಗೆ ಹಿಂದಕ್ಕೆ ಪಡೆಯಿತು. ನಗದು ಬಂತು. ಸ್ವಂತ ಸೂರು ಹೋಗಿ ಬಾಡಿಗೆ ಶುರುವಾಯಿತು. 2017ರಲ್ಲಿ ಕ್ರಾಫ್ಟ್ಸ್‌ಮನ್ ಎಂಬ ಹೆಸರಾಂತ ಉಪಕರಣಗಳ ಬ್ರ್ಯಾಂಡ್ ಮಾರಿತು, ಸುಮಾರು 90 ಕೋಟಿಗೆ. ಪ್ರತಿ ಮಾರಾಟವೂ ಒಂದಷ್ಟು ತಿಂಗಳು ಕೊಂಡುಕೊಟ್ಟಿತು, ಅಷ್ಟೇ. 2018ರ ಅಕ್ಟೋಬರ್ 15ರಂದು 13.4 ಕೋಟಿ ಡಾಲರಿನ ಒಂದು ಸಾಲ ತೀರಿಸಬೇಕಿತ್ತು. ಅವತ್ತೇ ದಿವಾಳಿ ಅರ್ಜಿ ಬಿತ್ತು.

ನಿಷ್ಠುರ

ಎಲ್ಲ ಸರಿ, ಆದರೆ ಇಲ್ಲಿ ಯಾರೂ ಎತ್ತದ ಮಾತು ಒಂದಿದೆ. 1970ರ ದಶಕದಿಂದ ರೇಟಿಂಗಿಗೆ ದುಡ್ಡು ಕೊಡುತ್ತಿರುವವರು ಸಾಲ ಮಾಡುವ ಕಂಪನಿಗಳೇ. ಪರೀಕ್ಷೆ ಬರೆಯುವವನೇ ಮೌಲ್ಯಮಾಪಕನಿಗೆ ಸಂಬಳ ಕೊಟ್ಟ ಹಾಗೆ. ಮನೆ ಸಾಮಾನು ಮಾರುತ್ತಿದ್ದ ಅಮೆರಿಕದ ಸರಪಳಿ ಬೆಡ್ ಬಾತ್ ಆ್ಯಂಡ್ ಬಿಯಾಂಡ್ ನೋಡಿ: 2014ರಲ್ಲಿ ಅಡಮಾನವಿಲ್ಲದ 150 ಕೋಟಿ ಡಾಲರ್ ಬಾಂಡ್ ಮಾರಿತು, ಹೂಡಿಕೆಗೆ ಯೋಗ್ಯ ಎಂಬ ರೇಟಿಂಗಿನೊಂದಿಗೆ. ಅದರಲ್ಲಿ 90 ಕೋಟಿಯದು 2044ಕ್ಕೆ ತೀರಬೇಕಾದದ್ದು! 2023ರ ಏಪ್ರಿಲ್‌ನಲ್ಲಿ ಕಂಪನಿಯೇ ದಿವಾಳಿ. ಮೂವತ್ತು ವರ್ಷದ ಬಾಂಡು ಒಂಬತ್ತು ವರ್ಷವೂ ಬಾಳಲಿಲ್ಲ. ಬಾಂಡ್ ಬೆಲೆ ಮೊದಲು ಕುಸಿಯುತ್ತದೆ, ರೇಟಿಂಗ್ ಆಮೇಲೆ ಬರುತ್ತದೆ. ಮಾರುಕಟ್ಟೆಗೆ ಕಂಡದ್ದು ಇವರಿಗೆ ಯಾಕೆ ಕಾಣುವುದಿಲ್ಲ?

ಹಳೆಯ ವಿಶ್ಲೇಷಕಿ

ದುಡ್ಡಿನ ವಿಷಯದಲ್ಲಿ ನಿಮ್ಮ ಆಕ್ಷೇಪಕ್ಕೆ ನಾನು ಅಡ್ಡ ಬರುವುದಿಲ್ಲ. ಆ ಗಂಟು ನಿಜವಾದದ್ದು. ರೇಟಿಂಗಿನ ಶುಲ್ಕ ಮಾತಾಡುವವರನ್ನೂ ರೇಟಿಂಗ್ ನಿರ್ಧರಿಸುವವರನ್ನೂ ಬೇರೆ ಇಟ್ಟಿರುತ್ತಾರೆ, ಒಬ್ಬರ ಅಭಿಪ್ರಾಯದ ಮೇಲೆ ನಡೆಯದೆ ಸಮಿತಿ ಮತ ಹಾಕುತ್ತದೆ. ಇದರಿಂದ ಗಂಟು ಸಡಿಲವಾಗುತ್ತದೆ, ಬಿಚ್ಚುವುದಿಲ್ಲ.

ಆದರೆ ಬೆಡ್ ಬಾತ್ ಉದಾಹರಣೆ ನೀವು ಅಂದುಕೊಂಡದ್ದನ್ನು ತೋರಿಸುವುದಿಲ್ಲ. 2014ರಲ್ಲಿ ಆ ಕಂಪನಿ ನಿಜಕ್ಕೂ ಗಟ್ಟಿಯಿತ್ತು. ಅದನ್ನು ತಿಂದದ್ದು ಎರಡು: ಗ್ರಾಹಕರು ಆನ್‌ಲೈನಿಗೆ ಸರಿದದ್ದು ಒಂದು, ಸ್ವಂತ ಷೇರುಗಳ ಮರುಖರೀದಿ ಇನ್ನೊಂದು. 2004ರಿಂದ ಒಟ್ಟು 1,100 ಕೋಟಿ ಡಾಲರಿಗೂ ಮೀರಿ ಅದಕ್ಕೆ ಸುರಿದರು. ಹಣಕಾಸು ನೀತಿ ಎಂಬುದು ಆಡಳಿತ ಮಂಡಳಿಯ ಆಯ್ಕೆ. ಅದು ನಾಳೆ ಹೇಗೆ ತಿರುಗುತ್ತದೆ ಎಂದು ಇವತ್ತು ಪೂರ್ತಿ ಅಳೆಯಲು ಬರುವುದಿಲ್ಲ. ರೇಟಿಂಗನ್ನು ಕಾಲಕಾಲಕ್ಕೆ ತಿದ್ದುವುದು ಅದಕ್ಕೇ.

ತಡವಾಗುತ್ತದೆ ಎಂಬುದು? ಆಗುತ್ತದೆ. ಒಂದು ಸಲ ನಾನೇ ತಡ ಮಾಡಿದೆ. ಕಂಪನಿಯವರು ಮುಂದಿನ ಮೂರು ತಿಂಗಳ ಅಂದಾಜು ತೋರಿಸಿದರು, ನಂಬಿದೆ. ಸರಬರಾಜುದಾರರ ಉದ್ದರಿ 58 ದಿನದಿಂದ 41ಕ್ಕೆ ಇಳಿದಿದ್ದನ್ನು ನೋಡಿಯೂ ಇದು ಋತುಮಾನದ ಏರಿಳಿತ ಇರಬಹುದು ಎಂದುಕೊಂಡೆ. ಆ ಸಾಲನ್ನು ಈಗಲೂ ಮರೆತಿಲ್ಲ.

ಸರಕು ಕಳಿಸುವವ

ಮೇಡಂ, ಅದನ್ನು ಮುಚ್ಚಿಡದೆ ಬರೆದದ್ದಕ್ಕೆ ವಂದನೆ. ಒಂದು ಕೇಳಬೇಕಿತ್ತು. ಕೊನೆಗೆ ಎಲ್ಲ ಮುಗಿದಾಗ ಯಾರಿಗೆ ಎಷ್ಟು ಎಂದು ಹೇಗೆ ಹೇಳುತ್ತಾರೆ? ನನ್ನ ಸರದಿ ಯಾವುದು ಎಂದು ನನಗೆ ಯಾರೂ ಹೇಳಲೇ ಇಲ್ಲ.

ಹಳೆಯ ವಿಶ್ಲೇಷಕಿ

ಒಂದೇ ಕಂಪನಿಯ ಬೇರೆ ಬೇರೆ ಸಾಲಕ್ಕೆ ಬೇರೆ ಬೇರೆ ರೇಟಿಂಗ್ ಇರುವುದು ಇದಕ್ಕೇ. ಕಂಪನಿ ಬಿದ್ದರೆ ಎಂದು ಕಲ್ಪಿಸಿಕೊಂಡು ಹಣ ಹಂಚಿ ನೋಡುತ್ತೇವೆ.

ಮರುರಚನೆಯಾಗಿ ಹೊರಬಂದಾಗ ಕಂಪನಿಯ ವಾರ್ಷಿಕ ಲಾಭ 100 ಇರಬಹುದು ಎಂದುಕೊಳ್ಳಿ. ಎಸ್ ಆ್ಯಂಡ್ ಪಿ ರೀಟೇಲಿಗೆ ಸಾಮಾನ್ಯವಾಗಿ 5 ಪಟ್ಟಿನ ಆಸುಪಾಸು ಹಿಡಿಯುತ್ತದೆ: ಬೆಲೆ 500. ವಕೀಲರು, ಸಲಹೆಗಾರರ ಖರ್ಚು 5 ಶೇಕಡಾ ತೆಗೆದರೆ 475. ಮೊದಲ ಸರದಿ ದಾಸ್ತಾನಿನ ಮೇಲೆ ಸಾಲ ಕೊಟ್ಟ ಬ್ಯಾಂಕುಗಳದು, ಎಬಿಎಲ್ ಎನ್ನುತ್ತಾರೆ. 250ರ ಮಿತಿ ಇದ್ದರೆ ಬೀಳುವ ಹೊತ್ತಿಗೆ ಅದರ 60 ಶೇಕಡಾ, ಅಂದರೆ 150, ಎತ್ತಿರುತ್ತಾರೆ ಎಂಬ ಊಹೆ. ಉಳಿದದ್ದು 325. ಎರಡನೇ ಸರದಿಯಲ್ಲಿ ಅಡಮಾನವಿರುವ ಟರ್ಮ್ ಲೋನ್ (ನಿಗದಿತ ಅವಧಿಯ ಸಾಲ) 400 ಇದೆ. ಅವರಿಗೆ 100ಕ್ಕೆ 81 ಸಿಕ್ಕಿತು. ಮೂರನೆಯದು ಅಡಮಾನವಿಲ್ಲದ ಬಾಂಡ್ 300. ಅವರಿಗೆ ಸೊನ್ನೆ.

ಕಂಪನಿಯ ರೇಟಿಂಗ್ ‘ಸಿಸಿಸಿ ಪ್ಲಸ್’ ಇದ್ದರೆ ಆ ಟರ್ಮ್ ಲೋನ್ ಒಂದು ಮೆಟ್ಟಿಲು ಮೇಲೆ ಹೋಗಿ ‘ಬಿ ಮೈನಸ್’ ಆಗುತ್ತದೆ, ಬಾಂಡು ಎರಡು ಮೆಟ್ಟಿಲು ಇಳಿದು ‘ಸಿಸಿಸಿ ಮೈನಸ್’. ಒಂದೇ ಅಂಗಡಿ, ಒಂದೇ ಗಲ್ಲಾಪೆಟ್ಟಿಗೆ, ಎರಡು ಬೇರೆ ಭವಿಷ್ಯ.

ನೀವು ನಿಲ್ಲುವುದು ಆ ಮೂರನೇ ಸಾಲಿನಲ್ಲಿ, ಬಾಂಡಿನವರ ಪಕ್ಕದಲ್ಲಿ. ಅಮೆರಿಕದ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ: ದಿವಾಳಿಗೆ ಮುಂಚಿನ 20 ದಿನಗಳಲ್ಲಿ ತಲುಪಿದ ಸರಕಿನ ಬಾಕಿಗೆ ಆದ್ಯತೆ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಇಲ್ಲ.

ಸರದಿಯೂ ಕಲ್ಲಿನಲ್ಲಿ ಕೊರೆದದ್ದಲ್ಲ. ಬಟ್ಟೆ ಮಾರುವ ಜೆ ಕ್ರೂ ಕಂಪನಿ 2016ರ ಕೊನೆಯಲ್ಲಿ ತನ್ನ ಟ್ರೇಡ್‌ಮಾರ್ಕಿನ 72 ಶೇಕಡಾ ಪಾಲನ್ನು ಕೇಮನ್ ದ್ವೀಪದ ಒಂದು ಅಂಗಸಂಸ್ಥೆಗೆ ದಾಟಿಸಿತು. ತಮ್ಮ ಅಡಮಾನದೊಳಗೆ ಇದೆ ಎಂದು ಸಾಲ ಕೊಟ್ಟವರು ನಂಬಿದ್ದ ಆಸ್ತಿ ಕರಾರಿನ ಒಂದು ಸಂದಿಯಿಂದ ಹೊರಗೆ ಹೋಯಿತು. ಅದು ಆದ ಮೇಲೆ ಕರಾರಿನ ಸಣ್ಣಕ್ಷರ ಓದುವುದು ನಮ್ಮ ಕೆಲಸದ ಅರ್ಧವಾಯಿತು.

ಲೆಕ್ಕಪತ್ರ

ಮೇಡಂ ಹೇಳಿದ 475 ಎಂಬುದು ಕಂಪನಿ ಬದುಕಿ ಹೊರಬಂದರೆ ಸಿಗುವ ಲೆಕ್ಕ. ರೀಟೇಲಿನಲ್ಲಿ ಬದುಕಿ ಬರುವುದೇ ಕಷ್ಟ. ದಿವಾಳಿ ಕಾನೂನಿನ 2005ರ ತಿದ್ದುಪಡಿಯ ನಂತರ ಅಮೆರಿಕದಲ್ಲಿ ಯಾವ ಮಳಿಗೆ ಇಟ್ಟುಕೊಳ್ಳುತ್ತೇವೆ, ಯಾವುದು ಬಿಡುತ್ತೇವೆ ಎಂದು 120 ದಿನದಲ್ಲಿ ಹೇಳಬೇಕು, ಕೋರ್ಟು ಒಪ್ಪಿದರೆ ಇನ್ನೂ 90. ಒಟ್ಟು 210 ದಿನ. ಸಾಲ ಕೊಟ್ಟ ಬ್ಯಾಂಕಿಗೆ ಮಳಿಗೆಯ ಜಾಗ ಕೈತಪ್ಪುವ ಮೊದಲೇ, ಅಲ್ಲೇ ‘ಅಂಗಡಿ ಮುಚ್ಚುವ ಮಾರಾಟ’ ನಡೆಸಿ ದಾಸ್ತಾನು ಕರಗಿಸುವ ಆತುರ. ಹಾಗಾಗಿ ಯೋಚಿಸಲು ಸಿಗುವ ಕಾಲ 210ಕ್ಕಿಂತ ಬಹಳ ಕಡಿಮೆ.

ಮುಂಗಾರು ಓದುಗ

ನಿನ್ನೆ ರಾತ್ರಿ ಕೂತು, ನಾನು ಮೊದಲು ಹೇಳಿದ ಕಂಪನಿಯ ಸಾಲದ ಟಿಪ್ಪಣಿಗಳನ್ನು ಪೂರ್ತಿ ಓದಿದೆ. ವಿನಿಮಯಕ್ಕೆ ಒಪ್ಪದೆ ಉಳಿದ ಹಳೆಯ ಬಾಂಡುಗಳು ತೀರಬೇಕಾದದ್ದು ಇನ್ನು 26 ತಿಂಗಳಿಗೆ. ಅಷ್ಟು ಸಮಯ ಇದೆಯಲ್ಲ, ಅಷ್ಟರಲ್ಲಿ ಸುಧಾರಿಸಬಹುದು ಎಂದೇ ಅಂದುಕೊಂಡಿದ್ದೆ.

ಆದರೆ ಎಬಿಎಲ್ ಟಿಪ್ಪಣಿಯಲ್ಲಿ ಒಂದು ವಾಕ್ಯ ಸಿಕ್ಕಿತು: ಆ ಬಾಂಡ್ ಆ ಹೊತ್ತಿಗೂ ಬಾಕಿ ಇದ್ದರೆ, ಅದರ ವಾಯಿದೆಗೆ 91 ದಿನ ಮುಂಚೆಯೇ ಬ್ಯಾಂಕಿನ ಸಾಲವೂ ತೀರಬೇಕು. ಹಾಗಾದರೆ ಇರುವುದು 23 ತಿಂಗಳು ಅಲ್ಲವೇ?

ಹಳೆಯ ವಿಶ್ಲೇಷಕಿ

ಸರಿಯಾಗಿ ಹಿಡಿದಿರಿ. ಇನ್ನೊಂದು ಹೆಜ್ಜೆ ಹಿಂದಕ್ಕೆ ಬನ್ನಿ. ಮುಂದಿನ ವಾರ್ಷಿಕ ವರದಿ ಯಾವಾಗ?

ಮುಂಗಾರು ಓದುಗ

ಈ ವರ್ಷದ್ದು ಈಗಷ್ಟೇ ಬಂತು. ಮುಂದಿನದು 12 ತಿಂಗಳಿಗೆ.

ಲೆಕ್ಕಪತ್ರ

ಆ ವರದಿ ಹೊರಬೀಳುವ ದಿನದಿಂದ ಮುಂದಿನ 12 ತಿಂಗಳು ಕಂಪನಿ ನಡೆಯುತ್ತದೆಯೇ ಎಂಬುದಕ್ಕೆ ಲೆಕ್ಕಪರಿಶೋಧಕರು ಉತ್ತರ ಕೊಡಬೇಕು. 12ಕ್ಕೆ 12 ಸೇರಿಸಿದರೆ 24. ನಿಮ್ಮ 23 ಅದರೊಳಗೆ ಬಿತ್ತು. ಅಷ್ಟರೊಳಗೆ ಮರುಸಾಲ ಸಿಗದಿದ್ದರೆ, ಕಂಪನಿ ಮುಂದುವರಿಯುವ ಬಗ್ಗೆ ಗಂಭೀರ ಅನುಮಾನ ಇದೆ ಎಂಬ ಸಾಲು ಆ ವರದಿಯಲ್ಲೇ ಬರಬಹುದು. ಅನೇಕ ಬ್ಯಾಂಕ್ ಕರಾರುಗಳಲ್ಲಿ ಆ ಸಾಲು ಬಂದರೆ ಅದೇ ಒಂದು ಕರಾರುಭಂಗ.

ಸರಕು ಕಳಿಸುವವ

ನನ್ನ ವಿಮೆಯವರು ಆ ಸಾಲು ಬರುವವರೆಗೂ ಕಾಯಲಿಲ್ಲ.

ಮುಂಗಾರು ಓದುಗ

26 ಅಂದುಕೊಂಡು ಬಂದೆ, 12ಕ್ಕೆ ಬಂದು ನಿಂತಿತು. ಸರಬರಾಜುದಾರರ ಉದ್ದರಿ ಎಷ್ಟು ದಿನ ಇದೆ ಎಂದು ಕಳೆದ ಎಂಟು ತ್ರೈಮಾಸಿಕಗಳ ಲೆಕ್ಕ ಹಾಕಿ ನಾಳೆ ಇಲ್ಲೇ ಹಾಕುತ್ತೇನೆ.